ಹಾಲು ಅಳೆಯುವ ಅಕ್ಕ ಕುರ್ಚಿ ತೆಗೆಸಿದ ದಿನ

ಜನವರಿಯ ಎರಡನೇ ಭಾನುವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಪೆರಾಬೆಯ ನಮ್ಮ ಹಾಲಿನ ಸೊಸೈಟಿಯ ಸಭಾಂಗಣದಲ್ಲಿ ಅರುವತ್ತು ಕುರ್ಚಿ, ಐವತ್ತೆಂಟು ಜನ. ಕುಣಿಯುವವರು ಸೊನ್ನೆ.

ಮನೆಮಂದಿಯೆಲ್ಲ ಸೇರಿ ತಿಂಗಳಿಗೊಮ್ಮೆ ಕುಣಿಯುವ ಕಾರ್ಯಕ್ರಮದ ಮೊದಲ ದಿನ ಅದು. ಶುರು ಮಾಡಿದವರು ಸೊಸೈಟಿಯಲ್ಲಿ ಹಾಲು ಅಳೆಯುವ ಅಕ್ಕ. ನಾಲ್ಕು ವರ್ಷ ದಿನವೂ ಅವರ ಮುಂದೆ ಕ್ಯಾನ್ ಇಟ್ಟಿದ್ದೇನೆ. ಕಣ್ಣೆತ್ತದೆ "ಆಯ್ತಾ? ಮುಂದೆ" ಎನ್ನುವುದು ಬಿಟ್ಟು ಬೇರೆ ಮಾತು ಕೇಳಿದ್ದು ಕಡಿಮೆ. ಇವತ್ತು ಯಾರೂ ಕುಣಿಯದಿದ್ದರೆ ಮುಂದಿನ ತಿಂಗಳು ಸಭಾಂಗಣ ಕೊಡುವುದಿಲ್ಲ ಎಂದು ಸೊಸೈಟಿಯ ಅಧ್ಯಕ್ಷರು ಮೊದಲೇ ಹೇಳಿದ್ದರು.

ಕುರ್ಚಿ ಕಂಡರೆ ನಮ್ಮವರಿಗೆ ಅದು ಸಭೆ. ಗಂಡಸರು ಒಂದು ಬದಿ, ಹೆಂಗಸರು ಇನ್ನೊಂದು ಬದಿ ಕೂತರು. ಮೂರು ಹಾಡು ಮುಗಿದರೂ ಒಬ್ಬರೂ ಏಳಲಿಲ್ಲ.

"ಅತಿಥಿ ಯಾರು ಮಾರಾಯ್ತಿ? ದೀಪ ಹಚ್ಚುದು ಯಾವಾಗ?" ಮುಂದಿನ ಸಾಲಿನಿಂದ ಅಧ್ಯಕ್ಷರು ಕೇಳಿದರು.

ಅಕ್ಕ ನೇರ ಅವರೆದುರು ಹೋಗಿ ನಿಂತರು. "ಏಳಿ."

"ಎಂತಕ್ಕೆ?"

"ಕುರ್ಚಿ ತೆಗಿಲಿಕ್ಕುಂಟು."

ಅಧ್ಯಕ್ಷರು ಎದ್ದೇಬಿಟ್ಟರು! ಕುಣಿಯುವವರ ಲೆಕ್ಕ ಬರೆಯಲು ಕೂತಿದ್ದ ನನ್ನ ಕೈಯ ಪೆನ್ನು ಕೆಳಗೆ ಬಿತ್ತು. ಅವರನ್ನು ಹಾಗೆ ಎಬ್ಬಿಸಿದವರನ್ನು ನಾನು ಕಂಡಿರಲೇ ಇಲ್ಲ. "ಆಯ್ತಾ? ಮುಂದೆ" ಎನ್ನುತ್ತ ಅಕ್ಕ ಐವತ್ತೇಳು ಕುರ್ಚಿಗಳನ್ನು ಗೋಡೆಗೆ ಒಟ್ಟಿದರು. ಮೂವರು ಅಜ್ಜಿಯರದ್ದು ಮಾತ್ರ ಬಿಟ್ಟರು.

ನಿಂತವರು ಸುಮ್ಮನೆ ಎಷ್ಟು ಹೊತ್ತು ನಿಲ್ಲುವುದು? ಮೊದಲು ಅಧ್ಯಕ್ಷರ ಮೊಮ್ಮಗಳು ಅವರ ಕೈ ಎಳೆದಳು. "ಬಿಡು ಮಗಾ, ನಂಗೆ ಬರುದಿಲ್ಲ" ಎನ್ನುತ್ತಲೇ ಅವರು ಹೆಜ್ಜೆ ಹಾಕಿದರು. ಐದೂವರೆಗೆ ನನ್ನ ಲೆಕ್ಕ ನಲುವತ್ತೊಂದು.

ನಾಲ್ಕು ತಿಂಗಳು ಊರನ್ನು ಕುಣಿಸಿ ಅಕ್ಕ ಸೊಸೈಟಿಯ ಕೆಲಸ ಬಿಟ್ಟು ಗುತ್ತಿಗಾರು ಕಡೆಗೆ ಹೋದರಂತೆ. ಅಲ್ಲಿ ಒಬ್ಬ ಹೆಂಗಸು ಕೂತವರನ್ನೆಲ್ಲ ಎಬ್ಬಿಸಿದ ಸುದ್ದಿ ಕೇಳಿದವರಿದ್ದರೆ, ಎಷ್ಟು ಜನ ಕುಣಿದರೆಂದು ನನಗೆ ಬರೆಯಿರಿ.