ಸರ್ವರ್ ಕೋಣೆಯ ನೋಟ್‌ಬುಕ್

ಮೇಜಿನ ಕೊನೆಯ ಡ್ರಾಯರ್ ಖಾಲಿ ಮಾಡುವಾಗ ಆ ಹಳೆಯ ಹಾರ್ಡ್ ಡಿಸ್ಕ್ ಕೈಗೆ ಸಿಕ್ಕಿತು. ಅಂಗೈಗಿಂತ ತುಸು ದೊಡ್ಡದು, ಇಟ್ಟಿಗೆಯ ಚೂರಿನಷ್ಟು ಭಾರ, ಒಂದು ಮೂಲೆ ಜಜ್ಜಿದೆ. ಅದನ್ನು ಹಿಡಿದಿರುವ ಉಕ್ಕಿನ ಟ್ರೇಯ ಜಾಲರಿಯಲ್ಲಿ ಸಂಡೂರು ಕಡೆಯ ಕೆಂಪು ಧೂಳು ಇನ್ನೂ ಕೂತಿತ್ತು. ಊದಿದೆ. ಅದಿರಿನ ಆ ಒಣ ವಾಸನೆ ಮೂಗಿಗೆ ಹತ್ತಿತು... ಇದಾಗಿ ಮೂರು ದಿನ. ಕೂತಲ್ಲಿ ಕೂರಲಾಗುತ್ತಿಲ್ಲ.

ನಮ್ಮ ಪತ್ರಿಕೆಯ ಹೊಸಪೇಟೆ ಕಚೇರಿ ಚಿಕ್ಕ ಜಾಗಕ್ಕೆ ಹೋಗುತ್ತಿದೆ. ಈಗ ಪುಟ, ಚಿತ್ರ ಎಲ್ಲವೂ ಇಂಟರ್‌ನೆಟ್ಟಿನಲ್ಲಿ ದೂರದ ಯಾವುದೋ ಯಂತ್ರಕ್ಕೆ ಹೋಗಿ ಸೇರುತ್ತವೆ. ಸರ್ವರ್ ಕೋಣೆ ಬೇಕಿಲ್ಲ. ಬೇಕಿದ್ದ ಕಾಲದಲ್ಲಿ ಅದನ್ನು ನೋಡಿಕೊಳ್ಳುತ್ತಿದ್ದವರನ್ನು ಕಚೇರಿಯಲ್ಲಿ ಎಲ್ಲರೂ ಸರ್ವರ್ ಅಣ್ಣ ಎನ್ನುತ್ತಿದ್ದರು. ನನಗಿಂತ ಐದಾರು ವರ್ಷ ದೊಡ್ಡವರು. ಕಂಪ್ಲಿಯಿಂದ ದಿನಾ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಬಂದವರೇ ಚಪ್ಪಲಿ ಹೊರಗೆ ಬಿಟ್ಟು, ಗೋಡೆಗೆ ಬಣ್ಣ ಬಳಿಯುವ ಬ್ರಶ್ಶಿನಿಂದ ಸರ್ವರಿನ ಮುಖ ಗುಡಿಸುತ್ತಿದ್ದರು.

"ಅಣ್ಣಾ, ದೇವ್ರಿಗೆ ಪೂಜಿ ಆತೇನು?" ಎಂದು ಕ್ರೈಂ ವರದಿಗಾರ ಬಾಗಿಲಲ್ಲಿ ನಿಂತು ಕೆಣಕುತ್ತಿದ್ದ.

"ಆತಪಾ. ನಿನ್ನ ಸುದ್ದಿಯಾಗ ಇರೋವಷ್ಟು ಧೂಳು ಇದ್ರಾಗ ಇಲ್ಲ ಬಿಡು" ಎನ್ನುತ್ತಿದ್ದರು ಅವರು, ಬ್ರಶ್ ನಿಲ್ಲಿಸದೆ.

ಆ ಸರ್ವರಿನಲ್ಲಿ ಆರು ಡಿಸ್ಕ್‌ಗಳು ಸಾಲಾಗಿ ಕೂತಿದ್ದವು. ಸ್ಯಾಸ್ ಡಿಸ್ಕ್ ಎನ್ನುತ್ತಿದ್ದರು. ಮನೆಯ ಕಂಪ್ಯೂಟರಿನ ಡಿಸ್ಕಿನಲ್ಲಿ ತಂತಿ ಸಿಕ್ಕಿಸುವ ಬಾಯಿಯ ನಡುವೆ ಒಂದು ಸಂದು ಇರುತ್ತದೆ, ಇದರಲ್ಲಿ ಆ ಸಂದು ತುಂಬಿರುತ್ತದೆ ಎಂದು ಒಮ್ಮೆ ಎರಡನ್ನೂ ಪಕ್ಕಪಕ್ಕ ಹಿಡಿದು ತೋರಿಸಿದ್ದರು. "ಮನಿ ಡಿಸ್ಕ್ ಇಲ್ಲಿ ಕುಂದ್ರತೈತಿ ಸರ, ಇದು ಅಲ್ಲಿ ಕುಂದ್ರಂಗಿಲ್ಲ. ಹಗಲೂ ರಾತ್ರಿ ದುಡಿಯಾಕ ಹುಟ್ಟಿದ್ದು ಇದು." ಆರರಲ್ಲಿ ಒಂದು ಕೆಟ್ಟರೆ ಉಳಿದ ಐದು ಸೇರಿ ಅದರ ಪಾಲನ್ನೂ ಹೊರುತ್ತಿದ್ದವು. ಯಂತ್ರ ನಿಲ್ಲಿಸಬೇಕಿಲ್ಲ, ಕೆಟ್ಟದ್ದನ್ನು ಎಳೆದು ಹೊಸದನ್ನು ತಳ್ಳಿದರೆ ಆಯಿತು. ಹೊಸದು ತುಂಬುವ ಮೊದಲೇ ಎರಡನೆಯದೂ ಕೆಟ್ಟರೆ ಮಾತ್ರ ಎಲ್ಲವೂ ಹೋದಂತೆ.

ಕೋಣೆಯ ಮೊಳೆಗೆ ಉದ್ದನೆಯ ನೋಟ್‌ಬುಕ್ ಒಂದು ದಾರದಲ್ಲಿ ತೂಗುತ್ತಿತ್ತು. ಯಂತ್ರಕ್ಕೆ ಏನೇ ಆಗಲಿ, ಒಂದು ತಂತಿ ಬದಲಾಗಲಿ, ಅದರಲ್ಲಿ ಬರೆಯಬೇಕು. ಕೊನೆಯಲ್ಲಿ ಎರಡು ಕಾಲಂ: ಮಾಡಿದವರು, ನೋಡಿದವರು. ಮೊದಲನೆಯದರಲ್ಲಿ ಅವರ ಸಹಿ. ಎರಡನೆಯದಕ್ಕೆ ಡೆಸ್ಕಿನ ಹೊಣೆ ಹೊತ್ತ ನನ್ನನ್ನು ಕರೆಯುತ್ತಿದ್ದರು. ನನಗೇನು ತಿಳಿಯುತ್ತದೆ ಎಂದರೆ, "ಮಾಡಿದವನೇ ನೋಡಿದವ ಆಗಬಾರದು ಸರ. ನಿಮ್ಮ ಪೇಜನ್ನೂ ಇಬ್ರು ಓದತೀರಲ್ಲ, ಹಂಗ" ಎನ್ನುತ್ತಿದ್ದರು. ವಾದ ಸರಿ ಇತ್ತು. ಸಹಿ ಹಾಕುತ್ತಿದ್ದೆ.

ಒಂದು ಭಾನುವಾರ ಕಂಪ್ಲಿಯಲ್ಲೇ ಅವರ ತಂಗಿಯ ಮನೆಯ ಗೃಹಪ್ರವೇಶ. ರಜೆಯಲ್ಲಿದ್ದರು. ಕೋಣೆಯ ಕೀಲಿಯನ್ನು ಯಾರಿಗೂ ಕೊಡಕೂಡದೆಂಬ ನಿಯಮವಿದ್ದರೂ ಶನಿವಾರ ಸಂಜೆ ನನ್ನ ಕೈಗಿಟ್ಟು ಹೋಗಿದ್ದರು. ಮಧ್ಯಾಹ್ನ ಒಂದೂವರೆಗೆ ಸರ್ವರ್ ಕೂಗತೊಡಗಿತು. ಒಂದೇ ಸಮ, ನಿಲ್ಲದ ಸದ್ದು. ಪರದೆಯ ಮೇಲೆ ಮೂರನೇ ಡಿಸ್ಕ್ ಕೆಟ್ಟಿದೆ ಎಂದಿತ್ತು. ಫೋನ್ ಮಾಡಿದೆ.

"ಮುಟ್ಟಬ್ಯಾಡ್ರಿ ಸರ. ಕೂಗಿದ್ರ ಕೂಗ್ಲಿ. ಊಟಕ್ಕ ಕುಂತೀನಿ, ಕೈ ತೊಳಕೊಂಡು ಬಸ್ ಹತ್ತತೀನಿ."

ಕಂಪ್ಲಿಯಿಂದ ಬಸ್ಸಿಗೆ ಒಂದು ಗಂಟೆಯಾದರೂ ಬೇಕು. ಚಿತ್ರಗಳು ತೆರೆಯಲು ಒದ್ದಾಡುತ್ತಿದ್ದವು, ಸಂಜೆಗೆ ಪುಟ ಹೋಗಬೇಕು. ಇಪ್ಪತ್ತು ನಿಮಿಷ ಆ ಸದ್ದು ಕೇಳಿದೆ. ಎದ್ದೆ, ಕೂತೆ, ಮತ್ತೆ ಎದ್ದೆ. ಹೊಸ ಡಿಸ್ಕ್ ಕಪಾಟಿನಲ್ಲಿ ಬೆಳ್ಳಿ ಬಣ್ಣದ ಚೀಲದಲ್ಲಿತ್ತು. ಅವರು ಬದಲಿಸುವುದನ್ನು ನಾನು ಎಷ್ಟು ಸಲ ನಿಂತು ನೋಡಿಲ್ಲ, ನೋಡಿದ್ದಕ್ಕೆ ಸಹಿ ಹಾಕಿಲ್ಲ?

ಕೆಟ್ಟ ಡಿಸ್ಕಿನ ಮೇಲೆ ಹಳದಿ ದೀಪ ಹೊತ್ತಬೇಕಿತ್ತು. ಎಲ್ಲೂ ಹಳದಿ ಕಾಣಲಿಲ್ಲ, ಆ ಟ್ರೇಯ ದೀಪವೇ ಹೋಗಿ ಎಷ್ಟೋ ತಿಂಗಳಾಗಿತ್ತಂತೆ. ಎಡದಿಂದ ಎಣಿಸಿದೆ. ಒಂದು, ಎರಡು, ಮೂರು. ಹಿಡಿಕೆ ಒತ್ತಿ ಎಳೆದೆ. ಅವರು ಒಂದು ಬೆರಳಿನಷ್ಟು ಎಳೆದು, ಅರ್ಧ ನಿಮಿಷ ಬಿಟ್ಟು, ಆಮೇಲೆ ಪೂರ್ತಿ ತೆಗೆಯುತ್ತಿದ್ದರು. ಯಾಕೆಂದು ನಾನು ಕೇಳಿರಲಿಲ್ಲ. ನಾನು ಒಮ್ಮೆಗೇ ಎಳೆದೆ. ಒಳಗಿನ ತಟ್ಟೆ ಇನ್ನೂ ತಿರುಗುತ್ತಿತ್ತು. ವಾಲಿಸಿದ ಕೂಡಲೇ ಡಿಸ್ಕ್ ಹಿಡಿದ ಮೀನಿನಂತೆ ಕೈಯಲ್ಲಿ ಹೊರಳಿತು. ನೆಲಕ್ಕೆ ಬಿತ್ತು.

ಬಿದ್ದ ಮೇಲೆ ಒಳಗಿನಿಂದ ಸಣ್ಣಗೆ ಕೆರೆದ ಶಬ್ದ ಬಂತು... ನಂತರ ಅದೂ ಇಲ್ಲ.

ಮೂರೂಕಾಲಿಗೆ ಅವರು ಬಂದರು. ಹೊಸ ಅಂಗಿ, ಹಣೆಯಲ್ಲಿ ವಿಭೂತಿ. ಮೇಜಿನ ಮೇಲಿದ್ದ ಡಿಸ್ಕನ್ನೂ ಅದರ ಮೂಲೆಯನ್ನೂ ನೋಡಿದರು. ಯಾವುದು ತೆಗೆದಿರಿ ಎಂದು ಕೇಳಿದರು. ಮೂರು ಎಂದೆ. ಬಾಗಿ, ಸರ್ವರಿನ ಎಡತುದಿಯಿಂದ ಬೆರಳಿಟ್ಟು ಎಣಿಸಿದರು. "ಸೊನ್ನೆ... ಒಂದು... ಎರಡು." ಬೆರಳು ಖಾಲಿ ಗೂಡಿನ ಮುಂದೆ ನಿಂತಿತು.

"ಇದು ಎರಡು ಸರ. ಇದು ಸೊನ್ನಿಯಿಂದ ಎಣಸ್ತೈತಿ."

ಕೆಟ್ಟಿದ್ದ ಮೂರನೆಯದು ಪಕ್ಕದಲ್ಲೇ ಇತ್ತು. ನಾನು ಬೀಳಿಸಿದ್ದು ಚೆನ್ನಾಗಿದ್ದ ಎರಡನೆಯದು. ಸಂಜೆಯವರೆಗೆ ಏನೇನೋ ಮಾಡಿ ನೋಡಿದರು. ಮುದ್ರಣವಾದ ಪುಟಗಳು ಕೇಂದ್ರ ಕಚೇರಿಯಲ್ಲಿದ್ದವು. ಮೂಲ ಚಿತ್ರಗಳು ಇಲ್ಲಿ ಮಾತ್ರ ಇದ್ದವು. ಹೂಳು ತೆಗೆಯುವ ಮೊದಲಿನ ಮಲಪನಗುಡಿಯ ಬಾವಿ, ಸಂಡೂರಿನ ದಾರಿಯುದ್ದಕ್ಕೂ ನಿಂತ ಅದಿರು ಲಾರಿಗಳು, ಹೆಸರು ಬರೆದುಕೊಳ್ಳದೆ ತೆಗೆದ ನೂರಾರು ಮುಖಗಳು... ಹೋದವು. ಪ್ರತಿ ಇಡಲು ಇನ್ನೊಂದು ಯಂತ್ರ ಬೇಕೆಂದು ಅವರು ಬರೆದ ಪತ್ರಗಳಿಗೆ ಉತ್ತರ ಬಂದಿರಲಿಲ್ಲ.

ನೋಟ್‌ಬುಕ್ ಇಳಿಸಿಕೊಂಡು ನಿಧಾನವಾಗಿ ಬರೆದರು: ಎರಡು ಮತ್ತು ಮೂರನೇ ಡಿಸ್ಕ್ ಒಟ್ಟಿಗೆ ಕೆಟ್ಟವು, ಎರಡೂ ಒಂದೇ ಸಲ ತಯಾರಾದ ಲಾಟಿನವು. ಹಾಗೆ ಆಗುವುದುಂಟು, ಓದಿದವರು ನಂಬುತ್ತಾರೆ. ಸಹಿ ಹಾಕಿ ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ನಾನು ಪೆನ್ನು ತೆಗೆದುಕೊಳ್ಳಲಿಲ್ಲ.

"ಕೀಲಿ ಕೊಟ್ಟಾವ ನಾನು. ನಿಮ್ಮ ಹೆಸರು ಬರದ್ರ ಇಬ್ರೂ ಹೋಗತೀವಿ. ಒಂದು ಹೋದ್ರ ನಡೀತೈತಿ ಸರ, ಎರಡು ಹೋದ್ರ ಆಫೀಸ ನಿಲ್ಲತೈತಿ. ಹಾಕ್ರಿ."

ಹಾಕಿದೆ. ನೋಡಿದವರು ಎಂಬ ಕಾಲಮಿನಲ್ಲಿ.

ಕೇಂದ್ರ ಕಚೇರಿ ನನ್ನಿಂದ ಹೇಳಿಕೆ ಕೇಳಿತು. ತಾಂತ್ರಿಕ ದೋಷದಿಂದ ಡಿಸ್ಕ್‌ಗಳು ಕೆಟ್ಟವು ಎಂದು ಎರಡು ಸಾಲು ಕಳಿಸಿದೆ. ವರದಿಗಾರರು ಇಂಥ ವಾಕ್ಯ ತಂದರೆ 'ಯಾರು ಮಾಡಿದ್ದು?' ಎಂದು ಕೆಂಪು ಶಾಯಿಯಲ್ಲಿ ಬರೆದು ಹಿಂದಿರುಗಿಸುವುದು ನನ್ನ ಕೆಲಸವಾಗಿತ್ತು. ತಿಂಗಳ ಕೊನೆಗೆ ಅವರ ಗುತ್ತಿಗೆ ಮುಂದುವರಿಯಲಿಲ್ಲ. ಕೊನೆಯ ದಿನ ಹೊಸ ಡಿಸ್ಕ್‌ಗಳ ಟ್ರೇಗಳಿಗೆಲ್ಲ ಸೊನ್ನೆಯಿಂದ ಐದರವರೆಗೆ ಚೀಟಿ ಅಂಟಿಸಿದರು. ಜಜ್ಜಿದ ಡಿಸ್ಕಿಗೂ ಎರಡು ಎಂದು ಒಂದು ಚೀಟಿ ಅಂಟಿಸಿ ನನ್ನ ಮೇಜಿನ ಮೇಲಿಟ್ಟರು. "ಇಟಗೋರಿ ಸರ, ಹಾಳಿ ಹಾರದಂಗ ಇಡಾಕ ಬರತೈತಿ." ನಕ್ಕರೋ ಇಲ್ಲವೋ ನೆನಪಿಲ್ಲ.

ಎಷ್ಟೋ ದಿನಗಳ ಮೇಲೆ ಎಮ್ಮಿಗನೂರಿಗೆ ಭತ್ತದ ಸುದ್ದಿಗೆ ಹೋದವನು ಕಂಪ್ಲಿಯಲ್ಲಿ ಇಳಿದು ಅವರ ಅಂಗಡಿ ಹುಡುಕಿದೆ. ಕಂಪ್ಯೂಟರ್ ರಿಪೇರಿ ಅಂಗಡಿ. ರೈಸ್‌ಮಿಲ್ಲಿನ ಕಂಪ್ಯೂಟರೊಂದನ್ನು ಬಿಚ್ಚಿ, ಅದೇ ಬ್ರಶ್ಶಿನಿಂದ ತೌಡು ಗುಡಿಸುತ್ತಿದ್ದರು.

"ಬರ್ರಿ ಸರ, ಕುಂದ್ರಿ. ಅಲ್ಲಿ ಕೆಂಪು ಧೂಳು, ಇಲ್ಲಿ ಬಿಳೀ ಧೂಳು. ನಂದು ಬಡ್ತಿ ಆಗೇತಿ ನೋಡ್ರಿ."

ಚಹಾ ತರಿಸಿದರು. ಆ ಭಾನುವಾರದ ಮಾತು ತೆಗೆಯಲು ನಾನು ಪದ ಹುಡುಕುತ್ತಿದ್ದಾಗ ಅವರೇ ಕೇಳಿದರು: "ಅವತ್ತು ಅದು ಕೈಯಾಗ ಹೊಳ್ಳಿತಲ್ರಿ?" ಹೌದು ಎಂದೆ. "ಹೊಳ್ಳತೈತಿ. ಮೊದಲನೇ ಸಲ ನನ್ನ ಕೈಯಾಗೂ ಹೊಳ್ಳಿ ಬಿದ್ದಿತ್ತು. ನನ್ನ ಪುಣ್ಯಾಕ ಅದು ಖಾಲಿ ಡಿಸ್ಕ್."

ಕೇಂದ್ರ ಕಚೇರಿಗೆ ಬರೆಯುತ್ತೇನೆ, ನಿಮ್ಮದು ತಪ್ಪಿಲ್ಲವೆಂದು ಹೇಳುತ್ತೇನೆ ಎಂದೆ. ಅಡ್ಡಡ್ಡ ತಲೆಯಾಡಿಸಿದರು.

"ಅದು ಬ್ಯಾಡ್ರಿ, ಆತು ಹೋತು. ಒಂದು ಕೆಲಸ ಮಾಡ್ರಿ. ಆ ನೋಟ್‌ಬುಕ್ಕಿನಾಗ ಸರಿ ಬರೀರಿ. ಅಷ್ಟು ವರ್ಷ ಬರದೀನಿ, ಅದ್ರಾಗ ಅದೊಂದ ಸುಳ್ಳು. ನನ್ನ ಅಕ್ಷರದಾಗ ಐತಿ... ನೆನಪಾದಾಗ ಭಾಳ ಕಸಿವಿಸಿ ಆಗತೈತಿ."

ನಾಳೆಯೇ ಬರೆಯುತ್ತೇನೆ ಎಂದೆ. ಪತ್ರಿಕೆಯಲ್ಲಿ ತಪ್ಪಾದರೆ ಮರುದಿನ ತಿದ್ದುಪಡಿ ಹಾಕುವವನು ನಾನು, ಒಂದು ಸಾಲಿಗೆ ಎಷ್ಟು ಹೊತ್ತು? ಮರುದಿನ ಕೋಣೆಯವರೆಗೆ ಹೋದೆ. ಹೊಸಬರೊಬ್ಬರು ಒಳಗಿದ್ದರು. ಅವರ ಮುಂದೆ ಬರೆಯಬೇಕಾಗುತ್ತದೆಂದು ವಾಪಸಾದೆ. ಆಮೇಲೆ ಚುನಾವಣೆ, ಆಮೇಲೆ ಇನ್ನೇನೋ...

ಎರಡು ವರ್ಷದ ಹಿಂದೆ ಕಂಪ್ಲಿಯ ವರದಿಗಾರ ಕಳಿಸಿದ ನಿಧನ ಸುದ್ದಿಗಳಲ್ಲಿ ಅವರದೂ ಇತ್ತು. ಕಂಪ್ಯೂಟರ್ ಅಂಗಡಿ ಮಾಲೀಕ, ಹೃದಯಾಘಾತ, ಅಂತ್ಯಕ್ರಿಯೆ ಸ್ವಗ್ರಾಮದಲ್ಲಿ. ಜಾಗ ಸಾಲದೆ ಒಂದು ಸಾಲು ಕತ್ತರಿಸಿದೆ. ಹೆಸರಿನ ಅಕ್ಷರ ಸರಿ ಇದೆಯೇ ಎಂದು ಎರಡು ಸಲ ನೋಡಿ ಪುಟ ಬಿಟ್ಟೆ.

ಡಿಸ್ಕ್ ಸಿಕ್ಕಿದಾಗಿನಿಂದ ಆ ನೋಟ್‌ಬುಕ್ ಹುಡುಕುತ್ತಿದ್ದೆ. ಕಪಾಟುಗಳಲ್ಲಿ ಇರಲಿಲ್ಲ. ಇವತ್ತು ಬೆಳಿಗ್ಗೆ ಗುಜರಿಯವನು ತೂಗಿ ಕಟ್ಟಿಟ್ಟಿದ್ದ ರದ್ದಿಯ ಗಂಟಿನಿಂದ ಅದರ ದಾರ ಹೊರಗೆ ಚಾಚಿದ್ದು ಕಂಡಿತು. ಹಗ್ಗ ಕತ್ತರಿಸಿದೆ.

"ಒಂದು ಬುಕ್ಕಿಗೆ ಇಡೀ ಗಂಟು ಬಿಚ್ಚಿದ್ರಲ್ಲ ಸರ, ಮತ್ತ ಕಟ್ಟಾವ್ರು ಯಾರು?" ಎಂದು ಅವನು ಗೊಣಗಿದ. ನಾನೇ ಕಟ್ಟಿಕೊಟ್ಟೆ.

ಆ ಪುಟ ಸಿಕ್ಕಿತು. ಅವರ ದುಂಡು ಅಕ್ಷರ, ಪಕ್ಕದಲ್ಲಿ ನನ್ನ ಸಹಿ. ಕೊನೆಯ ಹಾಳೆಯಲ್ಲಿ ಇನ್ನೂ ಜಾಗವಿತ್ತು. ಇವತ್ತಿನ ತಾರೀಖು ಹಾಕಿ, ಹಿಂದಿನ ನಮೂದಿನ ತಾರೀಖು ಉಲ್ಲೇಖಿಸಿ ಬರೆದೆ: ಅಂದು ಕೆಟ್ಟದ್ದು ಮೂರನೇ ಡಿಸ್ಕ್ ಮಾತ್ರ. ಮುಟ್ಟಬೇಡಿ ಎಂದಿದ್ದರೂ ಎರಡನೆಯದನ್ನು ಎಳೆದು ಬೀಳಿಸಿದ್ದು ನಾನು. ಮಾಡಿದವರು ಎಂಬಲ್ಲಿ ಸಹಿ ಹಾಕಿದೆ.

ಪೆನ್ನು ಹಿಡಿದುಕೊಂಡೇ ಕೋಣೆಯಲ್ಲಿ ಒಂದು ಸುತ್ತು ಬಂದೆ. ಸರ್ವರ್ ಇದ್ದ ಜಾಗದಲ್ಲಿ ನೆಲದ ಮೇಲೆ ಅದರಗಲದ ಕೆಂಪು ಅಂಚು ಉಳಿದಿದೆ. ಮತ್ತೆ ಬಂದು ನೋಡಿದೆ. ನೋಡಿದವರು ಎಂಬ ಕಾಲಂ ಖಾಲಿಯೇ ಇತ್ತು.