ಮೊದಲ ನಾಲ್ಕು ವರ್ಷಗಳ ಗೋಲ್‌ಕೀಪರ್

ಎಲ್ಲರೂ ಅವಳನ್ನು ಗೋಡೆ ಎಂದೇ ಕರೆಯುತ್ತಿದ್ದರು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಎರಡು ಹೊಲಿಗೆ ಯಂತ್ರ ಹಿಡಿಸುವಷ್ಟೇ ಅಗಲದ ಅಂಗಡಿ ಅವಳದು. ಅಳತೆ ಕೊಡಲು ಬಂದವರು ಅವಳ ಸೊಟ್ಟ ಕಿರುಬೆರಳಿನ ಬಗ್ಗೆ ಕೇಳಿದರೆ, "ಫೈನಲ್‌ನಲ್ಲಿ ಪೆನಾಲ್ಟಿ ತಡೆದಾಗ ಮುರೀತು. ಬೆರಳು ಹೋಯ್ತು, ಕಪ್ ಬಂತು" ಎಂದು ನಗುತ್ತಿದ್ದಳು.

ಹೆಣ್ಣುಮಕ್ಕಳ ಮೊದಲ ರಾಷ್ಟ್ರೀಯ ಫುಟ್‌ಬಾಲ್ ಚಾಂಪಿಯನ್‌ಷಿಪ್ ನಡೆದಾಗ ಅವಳಿಗೆ ಹತ್ತೊಂಬತ್ತು. ಫುಟ್‌ಬಾಲ್ ಫೆಡರೇಷನ್ನಿನವರು ಅದಕ್ಕೆ ಮಾನ್ಯತೆಯನ್ನೂ ಕೊಡಲಿಲ್ಲ, ಮೈದಾನವನ್ನೂ ಕೊಡಲಿಲ್ಲ. ಆರು ತಂಡಗಳು ಒಂದು ಶಾಲೆಯ ಬಯಲಿನಲ್ಲಿ ಆಡಿ, ತರಗತಿಯ ಬೆಂಚು ಜೋಡಿಸಿ ಮಲಗಿದವು. ತನ್ನ ತಂಡದ ಅಂಗಿಗಳನ್ನು ಗೋಡೆಯೇ ಪರದೆ ಬಟ್ಟೆಯಲ್ಲಿ ಹೊಲಿದಿದ್ದಳು. ಬೆವರಿಗೆ ಬಣ್ಣ ಬಿಟ್ಟು ಎಲ್ಲರ ಕುತ್ತಿಗೆಯೂ ನೀಲಿ. ಹೀಗೆ ನಾಲ್ಕು ವರ್ಷ. ಜನ ಮುಗಿಬಿದ್ದು ನೋಡತೊಡಗಿದ ಮೇಲೆ, ಐದನೆಯ ವರ್ಷ ಫೆಡರೇಷನ್ ಅದನ್ನು ತಾನೇ ವಹಿಸಿಕೊಂಡಿತು.

ಆ ನಾಲ್ಕೂ ವರ್ಷ ತಂಡದ ನಾಯಕಿಯಾಗಿದ್ದವಳು ಗೋಡೆಗಿಂತ ದೊಡ್ಡವಳು. ಗೋಡೆ ಅವಳನ್ನು ಅಕ್ಕ ಎನ್ನುತ್ತಿದ್ದಳು. ಮುರಿದ ಬೆರಳಿಗೆ ತನ್ನ ಜಡೆಯ ರಿಬ್ಬನ್ ಸುತ್ತಿ, ಸೈಕಲ್ ಮೇಲೆ ಆಸ್ಪತ್ರೆಗೆ ಕರೆದೊಯ್ದವಳು ಅವಳೇ. ಮುಂದೆ ಅವಳು ತರಬೇತುದಾರಳಾದಳು, ಆಮೇಲೆ ಫೆಡರೇಷನ್ನಿನ ಉಪಾಧ್ಯಕ್ಷೆಯೂ ಆದಳು.

ಎಷ್ಟೋ ವರ್ಷಗಳ ಮೇಲೆ ಒಂದು ದಿನ ಅಂಗಡಿಗೆ ಬಂದು, "ಚಾಂಪಿಯನ್‌ಷಿಪ್ಪಿನ ಚರಿತ್ರೆ ಪುಸ್ತಕ ತರ್ತಿದೀವಿ ಕಣೆ. ನಿನ್ನ ಹತ್ರ ಇರೋ ಫೋಟೋ, ಪೇಪರ್ ಕಟಿಂಗು ಎಲ್ಲ ಕೊಡು. ಮೊದಲನೇ ಅಧ್ಯಾಯ ನಮ್ದೇ" ಎಂದಳು. ಗೋಡೆ ಅವನ್ನೆಲ್ಲ ಕೂಡಿಟ್ಟಿದ್ದ ಡಬ್ಬಿಯನ್ನೇ ಕೊಟ್ಟಳು.

ಪುಸ್ತಕ ಅಂಚೆಯಲ್ಲಿ ಬಂತು. ಮೊದಲನೇ ಅಧ್ಯಾಯ ಶುರುವಾಗಿದ್ದೇ ಐದನೆಯ ವರ್ಷದಿಂದ. ನಡುವೆ ಒಂದು ಪುಟದಲ್ಲಿ ಕಪ್ ಹಿಡಿದ ಅಕ್ಕನ ಚಿತ್ರ. ಅವಳ ಹೆಗಲ ಮೇಲೆ ರಿಬ್ಬನ್ ಸುತ್ತಿದ ಒಂದು ಕೈ ಇತ್ತು, ಕೈಯವಳು ಇರಲಿಲ್ಲ. ಕೆಳಗೆ, 'ಒಂದು ಸೌಹಾರ್ದ ಪಂದ್ಯದ ನಂತರ.'

ಗೋಡೆ ಅಂಗಡಿಯ ಬಾಗಿಲೆಳೆದು ನೇರ ಫೆಡರೇಷನ್ ಕಚೇರಿಗೆ ಹೋದಳು.

"ಅಕ್ಕಾ, ನಾಲ್ಕು ವರ್ಷ ಎಲ್ಲೋಯ್ತು?"

"ಮಾನ್ಯತೆ ಇಲ್ಲದ ಪಂದ್ಯ ಸೇರಿಸೋದು ಬೇಡ ಅಂತ ಕಮಿಟಿ ಹೇಳ್ತು."

"ಕಮಿಟೀಲಿ ನೀನಿರ್ಲಿಲ್ವಾ?"

"ಇದ್ದೆ. ಈಗಲೇ ಎದುರು ಹಾಕ್ಕೊಂಡ್ರೆ ನಾಳೆ ನನ್ನ ಅಧ್ಯಕ್ಷೆ ಮಾಡ್ತಾರಾ? ಆದ್ಮೇಲೆ ಸರಿ ಮಾಡೋಣ ಬಿಡು."

"ಆ ಅಧ್ಯಾಯ ಬರೆದಿದ್ದು ಯಾರು?"

ಅಕ್ಕ ಪೇಪರ್‌ವೇಟ್ ತಿರುಗಿಸುತ್ತ, "ನಾನೇ" ಎಂದಳು.

ಗೋಡೆ ಡಬ್ಬಿ ವಾಪಸ್ ಕೇಳಿದಳು. ತೆರೆದು ನೋಡಿದರೆ ಅರ್ಧಕ್ಕರ್ಧ ಇಲ್ಲ. ಅಸಲಿ ಫೋಟೋಗೇ ಕತ್ತರಿ ಹಾಕಿದ್ದರು.

ಹಳೆಯ ಆಟಗಾರ್ತಿಯರನ್ನು ಹುಡುಕಿ, ಐದು ಜನರ ಸಹಿ ಹಾಕಿಸಿ ಫೆಡರೇಷನ್ನಿಗೆ ಪತ್ರ ಕಳಿಸಿದಳು. ಒಂದೇ ಸಾಲಿನ ಉತ್ತರ ಬಂತು: 'ತಾವು ಹೇಳುವ ಪಂದ್ಯಗಳಿಗೆ ದಾಖಲೆ ಇಲ್ಲ.' ಎರಡು ವರ್ಷದಲ್ಲಿ ಅಕ್ಕ ಅಧ್ಯಕ್ಷೆಯಾದಳು. ಪುಸ್ತಕ ಮತ್ತೆ ಅಚ್ಚಾಯಿತು. ಮೊದಲನೇ ಅಧ್ಯಾಯದಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ.

ಆ ವಾರವೇ ಅಕ್ಕ ಕೋಟಿನ ಬಟ್ಟೆ ಹಿಡಿದು ಅಂಗಡಿಯ ಮೆಟ್ಟಿಲು ಹತ್ತಿದಳು. "ಸನ್ಮಾನ ಇದೆ ಕಣೆ. ನೀನೇ ಹೊಲೀಬೇಕು."

"ಆಗಲ್ಲ ಮೇಡಂ. ಬೇರೆ ಕಡೆ ಕೊಡಿ."

"ಮೇಡಮ್ಮಾ? ನನಗಾ?"

ಗೋಡೆ ಯಂತ್ರ ತುಳಿಯತೊಡಗಿದಳು. ಅಕ್ಕ ಬಟ್ಟೆ ಮಡಚಿಕೊಂಡು ಇಳಿದುಹೋದಳು. ಅಂದು ಮಧ್ಯಾಹ್ನ ಗೋಡೆ ಒಂದೇ ಅಂಗಿಯ ತೋಳನ್ನು ಮೂರು ಸಲ ತಿರುವುಮುರುವಾಗಿ ಹೊಲಿದು, ಮೂರು ಸಲವೂ ಬಿಚ್ಚಿದಳು.