ಸುಧಕ್ಕನಿಗೊಂದು ಸೀಟು

ಜಯತೀರ್ಥ ಮಾಮಾ ಯಾರ ಮುಖವನ್ನೂ ಮೊದಲು ನೋಡುತ್ತಿರಲಿಲ್ಲ, ಮೊಣಕಾಲು ನೋಡುತ್ತಿದ್ದರು. ಪರದೇಶದ ಆಮ್ಸ್ಟೆಲ್‌ವೀನಿನಲ್ಲಿ ನಮ್ಮ ಮನೆ ಯುಗಾದಿ ಊಟಕ್ಕೆ ಬಂದರೆ ಎಲ್ಲರ ಕಣ್ಣು ಹೋಳಿಗೆಯ ಮೇಲೆ, ಇವರ ಕಣ್ಣು ಕುರ್ಚಿಯಿಂದ ಏಳುವವರ ಮೇಲೆ. “ಕೂಡೂದು ಯಾರಿಗರೆ ಬರ್ತದ. ಏಳೂದ್ರಾಗ ಮನಷ್ಯಾನ ಖರೇ ವಯಸ್ಸು ಗೊತ್ತಾಗ್ತದ,” ಎನ್ನುತ್ತಿದ್ದರು. ಹುಟ್ಟಿದ್ದು ಧಾರವಾಡ, ವಾಸ ನಮ್ಮ ಪಕ್ಕದ ಮನೆ, ಕೆಲಸ ಒಂದು ಸಣ್ಣ ಸ್ಪೋರ್ಟ್ಸ್ ಕಾರು ಕಂಪನಿಯಲ್ಲಿ ಸೀಟುಗಳ ವಿನ್ಯಾಸ.

ಆ ಕಂಪನಿ ಮಾಡುತ್ತಿದ್ದದ್ದು ಒಂದೇ ಬಗೆಯ ಕಾರು: ಎರಡು ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಮಾಮಾನ ಹೆಂಡತಿ ಸುಧಕ್ಕನಿಗೆ ಸಂಧಿವಾತ. ಒಂದು ದಿನವೂ ಅದರಲ್ಲಿ ಕೂತವರಲ್ಲ. “ಊರಿಗೆಲ್ಲಾ ಸೀಟ ಮಾಡ್ತಾರ, ನನಗ ಮಾತ್ರ ಟ್ರಾಮು!” ಎಂದು ನಗುತ್ತಿದ್ದರು. ಮಾಮಾ ನಗುತ್ತಿರಲಿಲ್ಲ. ಎತ್ತರದ ಸೀಟು, ನಾಲ್ಕು ಅಗಲ ಬಾಗಿಲಿನ ಇನ್ನೊಂದು ಮಾಡೆಲ್ ಮಾಡಿ ಎಂದು ವರ್ಷಗಟ್ಟಲೆ ಕಂಪನಿಯ ಬೆನ್ನು ಹತ್ತಿದ್ದರು. “ನಮ್ಮ ಗಿರಾಕಿಗೆ ಕೈಯಾಗ ರೊಕ್ಕ ಬರೂದ್ರಾಗ ಮೊಣಕಾಲ ಹೋಗಿರ್ತಾವ್ರಿ. ಅಂಥವರು ಎಲ್ಲಿ ಹೋಗಬೇಕು?”

ಕೊರೊನಾ ಬಂತು, ಆಫೀಸು ಮನೆಗೇ ಬಂತು. ಮಾಮಾ ಹಿತ್ತಲಲ್ಲಿ ಹಲಗೆ, ರಟ್ಟು ಜೋಡಿಸಿ ತಮ್ಮ ಕನಸಿನ ಕಾರಿನ ಬಾಗಿಲು, ಸೀಟು ಕಟ್ಟಿದರು. ಅದನ್ನು ನೋಡಲು ಅವರ ಬಾಸ್ ಪೀಟರ್ ಬಂದ, ಬಾಗಿಲೆತ್ತರದ ಆಸಾಮಿ. ಒಂದೂವರೆ ಮೀಟರ್ ದೂರ ನಿಲ್ಲುವ ನಿಯಮವಿತ್ತಲ್ಲ, ಮಾಮಾ ಕೋಲಿನ ತುದಿಯಲ್ಲಿ ಸುಧಕ್ಕನ ಇಳಕಲ್ ಸೀರೆ ಚಾಚಿ, ಕಾಲು ಬಗ್ಗದವರ ಪಾಡು ತಿಳಿಯಲೆಂದು ಸೊಂಟದಿಂದ ಮೊಣಕಾಲಿನವರೆಗೆ ಬಿಗಿಯಾಗಿ ಸುತ್ತಿಕೊಳ್ಳಲು ಹೇಳಿದರು. ಬೀದಿಯಲ್ಲಿ ನಿಂತಿದ್ದ ತನ್ನದೇ ತಗ್ಗು ಕಾರಿಗೆ ಪೀಟರ್ ಹತ್ತಲು ಹೋದ. ಕಾಲು ಅಗಲಿಸಲಾಗದೆ ದೊಪ್ಪನೆ ಒಳಗೆ ಬಿದ್ದ, ಇಳಿಯಲು ಆಗಲೇ ಇಲ್ಲ.

“ಏ ತಮ್ಮಾ, ಹಗೂರ! ಸೀರಿ ಹರದೀತು!” ಎಂದು ಸುಧಕ್ಕ ಕನ್ನಡದಲ್ಲೇ ಕೂಗಿದರು. ಬೇಲಿಯ ಈಚೆ ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು.

ಆಮೇಲೆ ಹೇಗೋ ತೆವಳಿ ಹೊರಬಿದ್ದು ಅವನು ರಟ್ಟಿನ ಕಾರಿಗೆ ಬಂದ. ಹೆಂಗಸರು ಕೂರುವ ಹಾಗೆ ಮೊದಲು ಪಕ್ಕಕ್ಕೆ ಕೂತು, ಕಾಲೆರಡೂ ಕೂಡಿಸಿ ಒಳಗೆ ತಿರುಗಿದ. ಹಾಗೇ ಎದ್ದ. ಸೀರೆ ಬಿಚ್ಚುತ್ತ ಮೆಲ್ಲಗೆ, “ನಮ್ಮಪ್ಪ ನನ್ನ ಕಾರು ಹತ್ತುವುದು ಬಿಟ್ಟಿದ್ದು ಯಾಕೆಂದು ಈಗ ತಿಳಿಯಿತು,” ಎಂದ. ಹೊಸ ಮಾಡೆಲ್ಲಿಗೆ ಒಪ್ಪಿಗೆ ಸಿಕ್ಕಿತು.

ಆದರೆ ಕಾರಿಗಿಂತ ಮೊದಲು ಚಳಿಗಾಲ ಬಂತು. ಸುಧಕ್ಕನಿಗೆ ಜ್ವರ. ಆಂಬುಲೆನ್ಸಿನವರು ಮಾಮಾಗೆ ಜೊತೆಗೆ ಹತ್ತಲು ಬಿಡಲಿಲ್ಲ. ಸುಧಕ್ಕ ಮರಳಲಿಲ್ಲ. ಗೋಡೆಗೆ ಗೋಡೆ ತಾಗಿದ ಮನೆಯವರು ನಾವು, ಅಂತ್ಯಕ್ರಿಯೆಯನ್ನು ಫೋನಿನಲ್ಲಿ ನೋಡಿದೆವು.

ಕಾರು ಬಂದಾಗ ಜಾಹೀರಾತಿನಲ್ಲಿ ‘ಹೊಸ ತಲೆಮಾರಿಗಾಗಿ’ ಎಂದಿತ್ತು. ಮಾಮಾ ಕೆಲಸ ಬಿಟ್ಟು ಲೈಡನ್ನಿನ ಮಗಳ ಮನೆಗೆ ಹೊರಟಿದ್ದರು. ಹೊರಡುವ ಮುನ್ನ, ಕಂಪನಿ ಒಂದು ದಿನಕ್ಕೆ ಕೊಟ್ಟಿದ್ದ ಆ ಕಾರನ್ನು, ಒಂದು ಸುತ್ತು ಹೋಗಿಬರೋಣವೆಂದು, ನಮ್ಮ ಬಾಗಿಲಿಗೆ ತಂದರು. ನಾನು ಹಿಂದಿನ ಬಾಗಿಲು ತೆರೆದೆ.

“ಹಿಂದ ಯಾಕ? ಮುಂದ ಬರ್ರಿ.”

“ಅದು ಸುಧಕ್ಕನ ಸೀಟು, ಮಾಮಾ.”

ಸ್ಟಿಯರಿಂಗ್ ಬಿಟ್ಟು, ಕೈ ಚಾಚಿ ಮುಂದಿನ ಬಾಗಿಲು ತೆರೆದರು. “ಹೌದು. ಅದಕ್ಕ, ಖಾಲಿ ನೋಡಕೋತ ಓಡಿಸಲಿಕ್ಕೆ ಆಗವಲ್ತು. ಕೂಡ್ರಿ.”

ಕೂತೆ. ಊರು ದಾಟುವವರೆಗೂ ಅವರು ನನ್ನ ಕಡೆ ತಿರುಗಲಿಲ್ಲ.